ಅರ್ಧ ಕಂಪ್ಯೂಟರಿಗೆ ದಾರಿ

ಕಂಪ್ಯೂಟರ್ ರಿಪೇರಿಗೆ ಹೋದವಳು ಬರೀ ಕಂಪ್ಯೂಟರ್ ರಿಪೇರಿ ಮಾಡಿ ಬರುವುದು ನಮ್ಮ ಕಡೆ ಅಪರೂಪ. ಕುಂದಾಪುರದಲ್ಲಿ ಅಂಗಡಿ ಇಟ್ಟ ಮೇಲೆ ನಾನು ಬಾಯಿ ತೆರೆದುಕೊಂಡು ವಾಪಸು ಬಂದ ಮನೆಗಳೇ ಹೆಚ್ಚು. ತೆಕ್ಕಟ್ಟೆಯ ಒಂದು ಮನೆಯಲ್ಲಂತೂ ತೆರೆದ ಬಾಯಿ ಮುಚ್ಚಲು ಪುರುಸೊತ್ತೇ ಸಿಗಲಿಲ್ಲ.

೧. ಗೋಡೆ ಎಲ್ಲಿ?

ಆ ಮನೆಯಲ್ಲಿ ಅಣ್ಣ ತಮ್ಮ ಪಾಲಾಗಿದ್ದರು. ಗದ್ದೆ, ತೆಂಗಿನಮರ, ಹಿತ್ತಾಳೆ ಕೊಪ್ಪರಿಗೆ ಎಲ್ಲ ಹಂಚಿ, ಬಾವಿಯನ್ನು ಇಬ್ಬರಿಗೂ ಎಂದು ಬಿಟ್ಟಾಗಿತ್ತು. ಉಳಿದದ್ದು ಒಂದು ಕಂಪ್ಯೂಟರು. ಅಣ್ಣನಿಗೆ ಹಳೇ ವಿಂಡೋಸ್ ತೊಂಬತ್ತೆಂಟೇ ಆಗಬೇಕು. ಅವರು ಯಕ್ಷಗಾನದ ಪ್ರಸಂಗ ಬರೆಯುವ ಕನ್ನಡ ಅಕ್ಷರ ಅದರಲ್ಲಿ ಮಾತ್ರ ಮೂಡುತ್ತಿತ್ತು. ತಮ್ಮನಿಗೆ ಹೊಸ ಎಕ್ಸ್‌ಪಿಯೇ ಬೇಕು. ಅವನ ಕ್ಯಾಮೆರಾ ಹಳೆಯದರಲ್ಲಿ ನಡೆಯುತ್ತಿರಲಿಲ್ಲ. ಪಂಚಾತಿಕೆಗೆ ಕೂತ ಹಿರಿಯರು ಅರ್ಧರ್ಧ ಎಂದು ತೀರ್ಪು ಕೊಟ್ಟು ಎಲೆ ಅಡಿಕೆ ಹಾಕಿಕೊಂಡು ಹೋಗಿದ್ದರು.

ಆಗುತ್ತದೆ, ಒಂದೇ ಡಿಸ್ಕಿನಲ್ಲಿ ಎರಡು ಭಾಗ ಮಾಡಿ ಎರಡನ್ನೂ ಹಾಕಿ ಕೊಡುತ್ತೇನೆ, ಶುರು ಮಾಡುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ ಎಂದೆ. ಇಬ್ಬರೂ ತಲೆ ಆಡಿಸಿದರು. ಕೆಲಸ ಮುಗಿದ ಮೇಲೆ, ಪೆಟ್ಟಿಗೆ ಬಿಚ್ಚಿ ತೋರಿಸಿ ಎಂದರು. ಬಿಚ್ಚಿದೆ. ಅಣ್ಣ ಒಳಗೆ ಟಾರ್ಚು ಬಿಟ್ಟು ನೋಡಿ, ದಿಗಿಲಿನಿಂದ ನನ್ನ ಮುಖ ನೋಡಿದರು.

"ಗೋಡೆ ಎಲ್ಲಿತ್ತ್ ಮೇಡಂ?"

ಗೋಡೆ ಕಣ್ಣಿಗೆ ಕಾಣುವುದಿಲ್ಲ ಎಂದೆ. ಅಷ್ಟರಲ್ಲಿ ತಮ್ಮನ ಕಿಸೆಯಿಂದ ಅಳತೆಯ ಟೇಪು ಹೊರಬಂದಾಗಿತ್ತು.

೨. ಒಲೆ ಬದಿಗೆ ಹೋಗಿ ಬರುವಷ್ಟರಲ್ಲಿ

ಶುರುವಿಗೆ ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಹಿರಿಯರ ಸಾಲು ಮೇಲಿರಬೇಕು ಎಂದು ಅಣ್ಣನ ಹೆಂಡತಿ ಹೇಳಿದರು; ಹಾಗೇ ಮಾಡಿದೆ. ಆದರೆ ಯಾರೂ ಏನೂ ಒತ್ತದಿದ್ದರೆ ಅದು ಸ್ವಲ್ಪ ಹೊತ್ತು ಕಾದು ತಾನಾಗಿಯೇ ಒಂದನ್ನು ತೆರೆಯುತ್ತದೆ. ಆ ಒಂದು, ತಮ್ಮನ ಎಕ್ಸ್‌ಪಿ ಆಗಿತ್ತು. ಮರುದಿನ ಬೆಳಿಗ್ಗೆಯೇ ಅಣ್ಣನ ಹೆಂಡತಿಯ ಫೋನು.

"ಹ್ವಾಯ್, ಎಂತ ಮಾಡಿಟ್ಟಿರಿ ನೀವ್? ನಾ ಒಲೆ ಬದಿಗ್ ಹೋಯ್ ಬಪ್ಪತಿಗೆ ಕಂಪ್ಯೂಟರ್ ಮೈದ್ನನ ಮನಿಯೊಳ್ಗ್ ಹೋಯ್ ಕೂತಿತ್ತಲೆ."

೩. ಅರ್ಧಕ್ಕೂ ಗಿರಾಕಿ

ತಮ್ಮ ಬೈಂದೂರಿನಲ್ಲಿ ಮನೆ ಕಟ್ಟಿಸಿದ. ಹೋಗುವ ಮೊದಲು ಕಂಪ್ಯೂಟರಿನ ತನ್ನ ಅರ್ಧ ಮಾರುತ್ತೇನೆಂದ. ಅರ್ಧ ಕಂಪ್ಯೂಟರಿಗೂ ಗಿರಾಕಿ ಇರುತ್ತಾರೆಂದು ನನಗೆ ಅಂದೇ ಗೊತ್ತಾದದ್ದು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಕೂತ ಪಕ್ಕದ ಮನೆಯವರು ಒಪ್ಪಿದ್ದರು. ಪ್ರತಿ ಸಂಜೆ ಅಣ್ಣನ ಚಾವಡಿಗೆ ಬಂದು, ಕೊಂಡ ಅರ್ಧ ತೆರೆದು, ಅದರಲ್ಲಿ ಇಸ್ಪೀಟು ಆಡಿ ಹೋಗುವುದು ಅವರ ಲೆಕ್ಕಾಚಾರ. ಆದರೆ ಅವರಿಗೂ ಅಣ್ಣನಿಗೂ ಬೇಲಿಯ ಜಗಳ. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅಂಗಡಿಗೆ ಬಂದ ಅಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ತಾನೇ ಕೊಳ್ಳುತ್ತೇನೆಂದರೂ ತಮ್ಮ ಹಠ ಬಿಡಲಿಲ್ಲವಂತೆ.

"ಅಪ್ಪಯ್ಯ ಇಪ್ಪತಿಗೆ ಆ ಪಕ್ಕದ್ಮನಿಯವ ನಮ್ಮನಿ ಮೆಟ್ಲ್ ಹತ್ಲಿಲ್ಲೆ. ಈಗ ದಿನಾ ಬಂದ್ ಕೂಕಂಬುದಾ?"

ತಡೆಯಲು ಏನಾದರೂ ಇದೆಯಾ ಎಂದು ಕೇಳಿದರು. ನಾನು ಇದ್ದದ್ದು ಹೇಳಿದೆ: ಎರಡೂ ಶುರುವಾಗಲು ಬೇಕಾದ ಫೈಲುಗಳಿರುವುದು ನಿಮ್ಮ ಭಾಗದಲ್ಲಿ, ತಮ್ಮನ ಭಾಗ ತೆರೆಯಬೇಕಾದರೆ ನಿಮ್ಮದನ್ನು ಹಾದೇ ಹೋಗಬೇಕು. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಅಂದ್ರೆ ಅವ್ನ ಜಾಗಕ್ಕೆ ದಾರಿಯೇ ಇಲ್ಲೆ."

ತರಿಸಿದ ಚಾ ಮೇಜಿನ ಮೇಲೆ ಆರಿತು. ಅವರು ಆಗಲೇ ತೆಕ್ಕಟ್ಟೆ ಬಸ್ಸಿನಲ್ಲಿದ್ದರು.

೪. ಕಿಸೆಯಲ್ಲಿ ದಾರಿ

ದಾರಿ ಇಲ್ಲದ ಜಾಗವನ್ನು ನಮ್ಮೂರಲ್ಲಿ ಯಾರು ಕೊಳ್ಳುತ್ತಾರೆ? ಪಕ್ಕದ ಮನೆಯವರು ಹಿಂದೆ ಸರಿದರು. ಸ್ವಲ್ಪ ದಿನದಲ್ಲಿ ತಮ್ಮ ಬಂದ. ಸಿಟ್ಟು ಮಾಡಲಿಲ್ಲ, ಹಿತ್ತಿಲ ಬದಿಯಿಂದ ಏನಾದರೂ ಕಾಲುದಾರಿ ಇದೆಯಾ ಎಂದು ಮೆತ್ತಗೆ ಕೇಳಿದ. ಕೇಳಿದವರಿಗೆಲ್ಲ ಇದ್ದದ್ದು ಹೇಳುವುದು ನನ್ನ ಕಸುಬು. ಶುರುವಿನ ಫೈಲುಗಳನ್ನು ಒಂದು ಫ್ಲಾಪಿಗೆ ಹಾಕಿ ಕೊಟ್ಟೆ. ಇದನ್ನು ತೂರಿಸಿ ಚಾಲೂ ಮಾಡಿದರೆ ಅಣ್ಣನ ಭಾಗ ಮುಟ್ಟದೆ ಸೀದಾ ನಿಮ್ಮದಕ್ಕೆ ಹೋಗುತ್ತದೆ ಎಂದೆ.

ವ್ಯಾಪಾರ ಕುದುರಿದ ಸಂಜೆ ಅಣ್ಣನ ಫೋನು ಬಂತು. ಪಿಸುದನಿ.

"ಮೇಡಂ, ಅವ ದಾರಿನ ಅಂಗಿ ಕಿಸಿಯಗೆ ಹಾಯ್ಕಂಡ್ ಬಂದಿದ."

ಪಕ್ಕದ ಮನೆಯವರು ಚಾವಡಿಯಲ್ಲಿ ಕೂತು, ಫ್ಲಾಪಿ ತೂರಿಸಿ, ಅಣ್ಣನ ಹೆಂಡತಿಯ ಹತ್ತಿರ ನೀರು ಬೆಲ್ಲ ಕೇಳಿದರಂತೆ. ಆಕೆ ಕೊಟ್ಟೂ ಆಯಿತಂತೆ. ಅಷ್ಟು ಹೇಳುವಷ್ಟರಲ್ಲಿ ಅಣ್ಣನಿಗೆ ಏನೋ ಹೊಳೆಯಿತು. ಪಿಸುದನಿ ಹೋಗಿ ದನಿ ಗಟ್ಟಿಯಾಯಿತು.

"ಒಂದ್ ಹೇಳಿ. ಆ ಫ್ಲಾಪಿ ಹಾಕು ಬಾಯಿ ಯಾರ ಪಾಲಿಗ್ ಬತ್ತ್?"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಪಕ್ಕದ ಮನೆಯವರ ದನಿ ಕೇಳಿತು. ಅಷ್ಟು ಕಾಲದ ಮೇಲೆ ಅವರು ಅಣ್ಣನ ಹತ್ತಿರ ಆಡಿದ ಮೊದಲ ಮಾತು.

"ಅದ್ ಬಾವಿ ಇದ್ದಾಂಗೆ ಮಾರಾಯ್ರೆ, ಇಬ್ರಿಗೂ."