ಗ್ವಾದಲಿಗೆ ಬಂದ ಡೈನೋಸಾರು

ಗೌರಿಯ ಬೆರಳ ತುದಿಯಲ್ಲಿ ರೂಪು ತಳೆದು, ಒಂದು ತಲೆ ಹೋಗಿ ಇನ್ನೊಂದು ತಲೆ ಬಂದರೂ ಲೋಕದ ಮೊದಲ ಪೂಜೆಗೆ ಒಡೆಯನಾದ ಗಜಾನನನಿಗೆ ವಂದನೆ. ಕೈಯಾರೆ ಮಾಡಿದ ಮೂರ್ತಿಯ ಗತಿ ಮಾಡಿದವರ ಕೈಯಲ್ಲಿಲ್ಲವೆಂಬುದನ್ನು ಆತನಿಗಿಂತ ಬಲ್ಲವರಾರು? ಈ ಕತೆಯನ್ನೂ ಆ ಸ್ವಾಮಿಯೇ ದಡ ಸೇರಿಸಲಿ.

ಮುರಗೋಡದಲ್ಲಿ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿದ್ದ ಶಟ್ಟೆಪ್ಪನ ಸಂಕಟಕ್ಕೆ ಒಂದು ಮುದ್ದೆ ಮಣ್ಣು ಕಾರಣ. ತೊಂಬತ್ತೆಂಟನೆಯ ಇಸವಿಯ ಮಾತು. ಮಗಳು ಶೀತಲಳ ಶಾಲೆಯಲ್ಲಿ ಡೈನೋಸಾರನ್ನೂ ಅದರ ಆವಾಸವನ್ನೂ ಮಾಡಿ ತರಲು ಹೇಳಿದ್ದರು. ಗೆದ್ದ ಮಾದರಿ ಸವದತ್ತಿಯ ಪ್ರದರ್ಶನಕ್ಕೆ ಹೋಗುವುದು. ಹೋದ ವರ್ಷ ಆ ಯೋಗ ಅದೇ ಓಣಿಯ ದರ್ಜಿ ಕಾಡಪ್ಪನ ಮಗಳು ಗಂಗಾಳ ಪಾಲಾಗಿತ್ತು.

“ಈ ಸಲ ನಮ್ಮ ಶೀತಲ ಸವದತ್ತಿಗೆ ಹೋಗಲಿಲ್ಲಂದ್ರ, ಒಂದ ವರ್ಷ ಕಾಡಪ್ಪನ ಸೈಕಲ್ಲಿಗೆ ದಿನಾ ಮುಂಜಾನೆ ನಾನ ಗಾಳಿ ಹೊಡೀತೇನಿ!” ಎಂದು ಶಟ್ಟೆಪ್ಪ ಚಹದಂಗಡಿಯಲ್ಲಿ ಎದೆ ತಟ್ಟಿ ಸಾರಿದ್ದ.

ಮಾದರಿ ಒಪ್ಪಿಸುವ ದಿನವೇ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ. ಬೆಳಗಾಗುತ್ತಲೇ ಕುಂಬಾರ ಬೀರವ್ವನ ಅಂಗಳದಲ್ಲಿ ಅವನು ಬುಟ್ಟಿ ಹಿಡಿದು ನಿಂತ.

“ಎತ್ತ ಮಾಡಾಕ ಆದ್ರ ಒಯ್ಯಿ. ಬ್ಯಾರೆದಕ್ಕ ಇವತ್ತ ಒಂದ ಹೆಂಟಿ ಸೈತ ಕೊಡಂಗಿಲ್ಲ,” ಎಂದಳು ಬೀರವ್ವ.

“ಎತ್ತ ಮಾಡಾಕನ ಬೇ, ಮತ್ತ ಆನಿ ಮಾಡ್ಲ್ಯಾ?” ಎಂದು ಶಟ್ಟೆಪ್ಪ ನಕ್ಕ. ಸುಳ್ಳು ಬೆಣ್ಣೆಯಂತೆ ಜಾರಿತು.

ಮನೆಯ ಕಟ್ಟೆಯ ಮೇಲೆ ಹಲಗೆ ಹಾಸಿ ಅವನು ಸೃಷ್ಟಿಗೆ ತೊಡಗಿದ. ಕನ್ನಡಿಯ ಚೂರು ಕೆರೆಯಾಯಿತು. ಹಸಿರು ಬಣ್ಣದ ಕಟ್ಟಿಗೆಹೊಟ್ಟು ಹುಲ್ಲುಗಾವಲಾಯಿತು. ಸೈಕಲ್ ಗಂಟೆಯ ಟೊಪ್ಪಿಗೆ ಜ್ವಾಲಾಮುಖಿಯಾಯಿತು. ಕುತ್ತಿಗೆಗೆ ಸೈಕಲ್ ಕಡ್ಡಿ, ಬಾಲಕ್ಕೆ ಬ್ರೇಕಿನ ತಂತಿ ಇಟ್ಟು ಮಣ್ಣು ಮೆತ್ತಿದಾಗ ಎರಡು ಡೈನೋಸಾರುಗಳು ಬ್ರಹ್ಮನೇ ಬೆರಗಾಗುವಂತೆ ಎದ್ದು ನಿಂತವು.

ಪಕ್ಕದ ಮನೆಯ ಪದ್ಮವ್ವ ಗೋಡೆಯ ಮೇಲಿಂದ ಇಣುಕಿದಳು. ಅವಳ ಕಿವಿಗೆ ಬಿದ್ದದ್ದು ಗಳಿಗೆಯೊಳಗೆ ಬೀರವ್ವನ ಕಿವಿಗೆ ಮುಟ್ಟುತ್ತಿತ್ತು.

“ಇದೇನೋ ಶಟ್ಟೆಪ್ಪಾ, ಎತ್ತಿನ ಕುತ್ತಗಿ ಬಾವಿಗೆ ಬಿಟ್ಟ ಹಗ್ಗದಂಗ ಆಗೈತಿ?”

“ದೂರ ದೇಶದ ತಳಿ ಅಕ್ಕಾ.”

ಸದ್ದು ಕೇಳಿ ತಾಯಿ ಲಗಮವ್ವ ಹೊರಬಂದಳು. “ಡುಬ್ಬ ಎಲ್ಲೋ? ಕ್ವಾಡ ಎಲ್ಲೋ?” ಎನ್ನುತ್ತ ಎರಡು ಕೋಡು ಅಂಟಿಸಿಯೇಬಿಟ್ಟಳು. ಶಟ್ಟೆಪ್ಪ ಕಿತ್ತ. ಪದ್ಮವ್ವ ಗೋಡೆಯಾಚೆಯಿಂದಲೇ ಕೈ ಚಾಚಿ ಡುಬ್ಬ ಇಟ್ಟಳು. ಅದನ್ನೂ ಕಿತ್ತ.

“ಖರೇ ಹೇಳೋ, ಇವು ಎತ್ತ ಹೌದೋ ಅಲ್ಲೋ?” ಎಂದು ತಾಯಿ ಗದರಿದಳು.

“ಎತ್ತಬೇ! ದೇವರಾಣಿ ಎತ್ತ!” ಎಂದು ಅವನು ಓಣಿಯೇ ಕೇಳುವಂತೆ ಕೂಗಿದ. ಎದುರು ಮನೆಯಲ್ಲಿ ಕಾಡಪ್ಪನ ಹೊಲಿಗೆಯಂತ್ರ ಗಕ್ಕನೆ ನಿಂತಿತು.

ಮಣ್ಣು ಒಣಗಲೆಂದು ಬಿಟ್ಟು ಶಟ್ಟೆಪ್ಪ ಅಂಗಡಿಗೆ ಹೋದ. ಮೂರು ಗಂಟೆಗೆ ಸಿಳ್ಳು ಹಾಕುತ್ತ ಮರಳಿದಾಗ ಮನೆಯ ತುಂಬ ಹೋಳಿಗೆಯ ವಾಸನೆ. ದೇವರ ಜಗಲಿಯ ಮುಂದೆ ಹಲಗೆ ಇತ್ತು, ಕೆರೆ ಇತ್ತು, ಜ್ವಾಲಾಮುಖಿ ಇತ್ತು. ಆದರೆ ಕೆರೆಯ ದಂಡೆಯಲ್ಲಿ ಗುಲಗಂಜಿ ಕಣ್ಣಿನ ಎರಡು ದುಂಡನೆಯ ಎತ್ತುಗಳು, ಮೇವು ತುಂಬಿದ ಮಣ್ಣಿನ ಗ್ವಾದಲಿಗೆ ಮೂತಿ ಇಟ್ಟು ನಿಂತಿದ್ದವು.

“ಯವ್ವಾ! ನನ್ನವು ಎಲ್ಲೆದಾವ ಬೇ?”

“ಅಂಥ ವಕ್ರ ಎತ್ತಿಗೆ ಹೆಂಗೋ ಪೂಜಿ ಮಾಡ್ಲಿ? ಕಾಡಪ್ಪನ ಮನ್ಯಾಗ ಲಕ್ಷಣದ ಜೋಡಿ ಇದ್ದುವು, ಅದಲಾಬದಲಿ ಮಾಡ್ಕೊಂಡ ಬಂದೆ. ಪಾಪ, ಎಂಥಾ ದೊಡ್ಡ ಮನಸಿನಾಂವ! ನಕ್ಕೊಂತ ಕೊಟ್ಟ. ಮ್ಯಾಲೆ ಗ್ವಾದಲಿನೂ ಕೊಟ್ಟ.”

ಹಲಗೆಯನ್ನು ತಲೆಯ ಮೇಲೆ ಹೊತ್ತು ಶಟ್ಟೆಪ್ಪ ಶಾಲೆಗೆ ಓಡಿದ. ಅಲ್ಲಿ ಕಾಡಪ್ಪನ ಮೇಜಿನ ಮೇಲೆ, ಹಸಿರು ಅಸ್ತರು ಬಟ್ಟೆಯ ಕಾಡಿನಲ್ಲಿ, ಅವನದೇ ಡೈನೋಸಾರುಗಳು ಕುತ್ತಿಗೆ ಎತ್ತಿ ನಿಂತಿದ್ದವು. ಶಿಕ್ಷಕಿ ಮಹಾನಂದಾ ಅಕ್ಕೋರು ಆಗತಾನೆ ‘ಪ್ರಥಮ’ ಎಂಬ ಚೀಟಿ ಅಂಟಿಸುತ್ತಿದ್ದರು.

“ಅಕ್ಕೋರ, ಅವು ನಾ ಮಾಡಿದ್ದು!”

ಕಾಡಪ್ಪ ಟೇಪನ್ನು ಕೊರಳಿಗೆ ಸರಿಪಡಿಸಿಕೊಂಡ. “ಶಟ್ಟೆಪ್ಪಣ್ಣಾ, ನೀ ಮಾಡಿದ್ದು ಎತ್ತ ಅಂತ ದೇವರಾಣಿ ಮಾಡೀದಿ. ಓಣಿ ಎಲ್ಲಾ ಕೇಳೈತಿ. ಇವು ಎತ್ತ ಏನು?”

“ಕುತ್ತಗ್ಯಾಗ ನನ್ನ ಸೈಕಲ್ ಕಡ್ಡಿ ಅದಾವು! ಈಗ ಒಡದ ತೋರಸ್ತೇನಿ!” ಎಂದು ಶಟ್ಟೆಪ್ಪ ಮುಷ್ಟಿ ಎತ್ತಿದ.

ಶೀತಲ ಅಂಗಿ ಹಿಡಿದು ಜಗ್ಗಿದಳು. “ಯಪ್ಪಾ, ಒಡದ್ರ ಸವದತ್ತಿಗೆ ಹೋಗೂದು ಯಾವುದು?”

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅಕ್ಕೋರು ಅವನ ಹಲಗೆಯತ್ತ ಬಾಗಿದರು. “ಆವಾಸ ಭಾಳ ಚಂದ ಐತ್ರಿ. ಇದು ಯಾವ ಡೈನೋಸಾರು?”

ಶಟ್ಟೆಪ್ಪ ಎದೆ ಸೆಟೆಸಿದ. “ಕ್ವಾಡ ಬಂದ ಮ್ಯಾಲಿನ ತಳಿ ರೀ, ಅಕ್ಕೋರ.”

ಮರುದಿನ ಮುಂಜಾನೆ ಸೈಕಲ್ ಅಂಗಡಿಯ ಮುಂದೆ ಪಂಪಿನ ಸದ್ದು ಬುಸ್ ಬುಸ್ ಎಂದು ಕೇಳುತ್ತಿತ್ತು. ಕಾಡಪ್ಪ ಹಿಂದಿನ ಚಕ್ರವನ್ನು ಒತ್ತಿ ನೋಡಿ ಹೇಳಿದ: “ಇನ್ನೊಂದೀಟ ಹೊಡಿ ಅಣ್ಣಾ. ಸವದತ್ತಿ ದೂರ ಐತಿ.”

ಈ ಕತೆಯನ್ನು ಕೇಳಿದವರ ಮನೆಯ ಗ್ವಾದಲಿ ಸದಾ ತುಂಬಿರಲಿ. ಅವರ ಕೈ ಮಾಡಿದ್ದು ಅವರ ಹೆಸರಿನಲ್ಲೇ ಉಳಿಯಲಿ. ಯಾರ ಚಕ್ರದ ಗಾಳಿಯೂ ನಡುದಾರಿಯಲ್ಲಿ ಇಳಿಯದಿರಲಿ. ಎಲ್ಲರಿಗೂ ಮಂಗಳವಾಗಲಿ.