ಫೇಲಾದವರ ಬೆನ್ನು ಬಿಡದ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರಿಗೆ ಪಾಸಾದವರನ್ನು ಕಂಡರೆ ಆಗುವುದಿಲ್ಲ! ಸುಳ್ಳಲ್ಲ, ಬೇಕಾದರೆ ಮಳವಳ್ಳಿಗೆ ಹೋಗಿ ಯಾರನ್ನಾದರೂ ಕೇಳಿ. ಶಿಷ್ಯನೊಬ್ಬ ಇಂಜಿನಿಯರಾಗಿ ಕಾರಿನಲ್ಲಿ ಬಂದು ಕಾಲಿಗೆ ಬಿದ್ದರೆ, "ಸರಿ ಸರಿ, ಎದ್ದೇಳು. ನಾನಿಲ್ದಿದ್ರೂ ನೀನು ಪಾಸಾಯ್ತಿದ್ದೆ" ಎಂದು ಮತ್ತೆ ಪೇಪರಿನೊಳಗೆ ಮುಖ ಹುದುಗಿಸುತ್ತಾರೆ. ಅದೇ ಫೇಲಾದವನೊಬ್ಬ ಸಂತೆಯಲ್ಲಿ ಸಿಕ್ಕಲಿ, ಮುಖ ಊರಗಲವಾಗುತ್ತದೆ. ಅವನ ಕೈಚೀಲವನ್ನು ತಾವೇ ಹಿಡಿದುಕೊಂಡು, "ಎಲ್ಲಿ ಎಡವಿದ್ದೆ ಹೇಳು, ಬೀಜಗಣಿತವೋ, ರೇಖಾಗಣಿತವೋ?" ಎಂದು ವಿಚಾರಣೆಗೆ ನಿಲ್ಲುತ್ತಾರೆ. ಪಾಪ, ಅವನು ಮೂಲಂಗಿ ಕೊಳ್ಳಲು ಬಂದಿರುತ್ತಾನೆ!

ಇನ್ನು ಅವರ ಜ್ಞಾಪಕಶಕ್ತಿಯ ಮಾತು ಬೇರೆ. ಹೆಸರು ಮರೆತಾರು, ಮಾರ್ಕ್ಸು ಮರೆಯುವುದಿಲ್ಲ. "ನಮ್ಮ ಹದಿನೇಳು ಹೆಂಗವ್ನೆ? ಇಪ್ಪತ್ತೆರಡಕ್ಕೆ ಮೊಮ್ಮಗು ಆಯ್ತಂತೆ?" ಎಂದು ದಾರಿಯಲ್ಲಿ ಕೇಳುತ್ತಾರೆ. ಹೊಸಬರು ಮನೆ ನಂಬರು ಇರಬೇಕೆಂದುಕೊಳ್ಳುತ್ತಾರೆ.

ನಾನು ಅವರ ಇಪ್ಪತ್ತೊಂಬತ್ತು. ಕನ್ನಡದಲ್ಲಿ ಶಾಲೆಗೇ ಮೊದಲು, ಗಣಿತದಲ್ಲಿ ಮುಗ್ಗರಿಸಿ ಎಸ್ಸೆಸ್ಸೆಲ್ಸಿ ಫೇಲು. ಮಳವಳ್ಳಿಯಲ್ಲಿ ಅಪ್ಪನದೊಂದು ಪುಟ್ಟ ಹೋಟೆಲಿತ್ತು. ರಿಸಲ್ಟ್ ಬಂದ ಮಾರನೇ ದಿನವೇ ಅಪ್ಪ ನನ್ನನ್ನು ರುಬ್ಬುಗುಂಡಿನ ಮುಂದೆ ಕೂರಿಸಿದರು. ಆಮೇಲೆ ಕೆಲವು ವರ್ಷಕ್ಕೆ ಮದ್ದೂರಿನ ಹೋಟೆಲಿನವರಿಗೇ ಕೊಟ್ಟು ಮದುವೆ ಮಾಡಿದರು. ಒಂದು ರುಬ್ಬುಗುಂಡಿನಿಂದ ಇನ್ನೊಂದಕ್ಕೆ ವರ್ಗಾವಣೆ, ಅಷ್ಟೇ! ಹಾಗಂತ ಕಷ್ಟವೇನೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲು, ಒಳ್ಳೆಯ ಗಂಡ, ಕೈತುಂಬ ಕೆಲಸ. ಆದರೆ ಯಾರಾದರೂ "ಎಷ್ಟು ಓದಿದ್ದೀರಕ್ಕಾ?" ಎಂದರೆ ಮಾತ್ರ ಗ್ಯಾಸ್ ಒಲೆಯ ಕಡೆ ತಿರುಗಿ, ಇಲ್ಲದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವರು ಮಳವಳ್ಳಿಯಲ್ಲಿ ಗುರುವಂದನೆ ಇಟ್ಟುಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಪಾಸಾದವರಷ್ಟೇ ಇದ್ದರು; ನನಗೆ ಸುದ್ದಿಯೂ ಇಲ್ಲ. ವೇದಿಕೆಯ ಮೇಲೆ ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿ, ಗಂಧದ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಎರಡು ಮಾತಾಡಿ ಎಂದರಂತೆ. ಮೇಷ್ಟ್ರು ಮೈಕು ಹಿಡಿದು ಸಭೆಯನ್ನೊಮ್ಮೆ ದಿಟ್ಟಿಸಿ, "ಎಲ್ಲಾ ಪಾಸಾದೋರೇ ಬಂದಿದ್ದೀರಲ್ರಯ್ಯ! ಫೇಲಾದೋರು ನನ್ನ ಶಿಷ್ಯರಲ್ವಾ? ನಮ್ಮ ಇಪ್ಪತ್ತೊಂಬತ್ತು ಎಲ್ಲವ್ಳೆ?" ಎಂದರಂತೆ. ಎಲ್ಲರೂ ನೆಲ ನೋಡಿದರು. ಹಿಂದಿನಿಂದ ಯಾರೋ "ಮದ್ದೂರಲ್ಲಿ ಹೋಟ್ಲು ಮಡಗವ್ಳೆ ಸಾ" ಎಂದರು. ಅಷ್ಟೇ! ಮೇಷ್ಟ್ರು ವೇದಿಕೆ ಇಳಿದು ನೇರ ಮದ್ದೂರು ಬಸ್ಸು ಹತ್ತಿದರು.

ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ ಸಮೇತ ಎಪ್ಪತ್ತೈದು ದಾಟಿದವರೊಬ್ಬರು ಹೋಟೆಲಿನೊಳಗೆ ಬಂದದ್ದನ್ನು ಕಂಡು ನಮ್ಮ ಯಜಮಾನರು ಸೌಟು ಕೆಳಗಿಟ್ಟರು. "ಯಾವ್ದೋ ಗಂಡಿನ ಕಡೆಯೋರು ಕಣಮ್ಮಿ, ದಾರಿ ತಪ್ಪವ್ರೆ" ಎಂದು ನನಗೆ ಪಿಸುಗುಟ್ಟಿ, "ಛತ್ರ ಆ ಕಡೀಕೈತೆ ಸಾಮಿ" ಎಂದು ಕೈ ತೋರಿಸಿದರು.

ಮೇಷ್ಟ್ರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನನ್ನೆದುರು ನಿಂತರು. "ಆರು ಮಾರ್ಕ್ಸು ಕಣಮ್ಮಿ. ಬರೀ ಆರು! ಯಾವಾಗ ತಗೋತೀಯ?"

"ಸಾ, ನಂಗೀಗ ನಲವತ್ತಾರು ವರ್ಷ!"

"ವಯಸ್ಸು ಕೇಳಿದ್ನಾ ನಾನು?"

ಹೋಗಿ ವಿಚಾರಿಸಿದರೆ ಹಳೇ ಸಿಲಬಸ್ಸು ಸತ್ತು ಯಾವ ಕಾಲವಾಯಿತೋ! ಖಾಸಗಿಯಾಗಿ ಕಟ್ಟಿ ಆರೂ ವಿಷಯ ಮತ್ತೆ ಬರೆಯಬೇಕಂತೆ. ನಾನು ಬಂದ ದಾರಿಗೇ ತಿರುಗಿದೆ. ಮೇಷ್ಟ್ರಿಗೆ ಹಬ್ಬ! "ಬೇರೆ ಐದು ನಿನ್ನ ತಲೆನೋವು, ಗಣಿತ ನನ್ನ ತಲೆನೋವು" ಎಂದು ಅರ್ಜಿಯನ್ನು ತಾವೇ ತುಂಬಿಸಿದರು.

ಅಲ್ಲಿಂದ ಶುರುವಾಯಿತು ನೋಡಿ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಳವಳ್ಳಿ ಬಸ್ಸಿನಿಂದ ಇಳಿಯುತ್ತಿದ್ದರು. ಸಾಂಬಾರಿನ ಕೊಳದಪ್ಪಲೆಯಲ್ಲಿ ಘನಫಲ, ಕಾವಲಿಯ ಮೇಲೆ ವೃತ್ತ. ಒಂದು ದಿನ ಬೇಯುತ್ತಿದ್ದ ದೋಸೆಯ ಮೇಲೇ ಸ್ಟೀಲ್ ಸ್ಕೇಲು ಹಿಡಿದರು. "ವ್ಯಾಸ ಇಪ್ಪತ್ತೆಂಟು. ವಿಸ್ತೀರ್ಣ ಎಷ್ಟು? ಹೇಳೋವರ್ಗೂ ಮಗುಚಂಗಿಲ್ಲ!"

ನಾನು ಕಣ್ಣು ಮುಚ್ಚಿ ಸೂತ್ರ ಹುಡುಕುತ್ತಿದ್ದೆ. ದೋಸೆ ತನ್ನ ಪಾಡಿಗೆ ತಾನು ಸೀಯುತ್ತಿತ್ತು. ಅದಕ್ಕಾಗಿ ಕಾಯುತ್ತಿದ್ದ ಕಂಡಕ್ಟರ್ ಹಸಿವು ತಾಳಲಾರದೆ, "ಆರ್‌ನೂರಾ ಅದ್ನಾರು ಕಣಕ್ಕೋ, ಮಗುಚಾಕಕ್ಕ ಅತ್ಲಾಗೆ!" ಎಂದುಬಿಟ್ಟ.

"ಯಾವನಯ್ಯ ಅವ್ನು ಹೇಳ್ಕೊಡೋನು? ಎದ್ದು ಬಾಗಿಲಾಚೆ ನಿಂತ್ಕೊ!"

ಖಾಕಿ ತೊಟ್ಟ ಆ ಆಳು ಏಕೆ ಎದ್ದನೋ ಅವನಿಗೇ ಗೊತ್ತಿಲ್ಲ. ಕಾಫಿ ಲೋಟ ಕೆಳಗಿಟ್ಟು ಬಾಗಿಲಾಚೆ ಹೋಗಿ ಕೈಕಟ್ಟಿ ನಿಂತ. ಅವತ್ತು ಮೈಸೂರು ಬಸ್ಸು ಐದು ನಿಮಿಷ ತಡವಾಗಿ ಹೊರಟಿತು.

ಇಷ್ಟೆಲ್ಲ ಆಗಿ, ಪರೀಕ್ಷೆಗೆ ತಿಂಗಳಿರುವಾಗ ಮೇಷ್ಟ್ರು ಒಂದು ಟೆಸ್ಟು ಕೊಟ್ಟರು. ಎಷ್ಟು ಬಂತು ಹೇಳಿ? ಇಪ್ಪತ್ತೆರಡು! ಮೂವತ್ತು ವರ್ಷದಲ್ಲಿ ಏಳು ಮಾರ್ಕ್ಸು ಹಿಂದಕ್ಕೆ ಹೋಗಿದ್ದೆ. ಯಜಮಾನರು ತಮಾಷೆಗೆ, "ಬುಡಮ್ಮಿ, ನೀನು ಪಾಸಾಗಿ ಯಾವ ಕಚೇರಿಗೋಯ್ತೀಯ?" ಎಂದರು. ನಾನು ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಮೇಲೆ ಎಸೆದೆ. "ಸಾಕು ಬುಡಿ ಸಾ, ನನ್ನಂಥ ದಡ್ಡಿ ಹಿಂದೆ ಯಾಕೆ ಬಿದ್ದಿದ್ದೀರಿ? ನಿಮಗೇನು ಬೇರೆ ಕೆಲಸ ಇಲ್ವಾ?"

ನಾಲಗೆ ಕಚ್ಚಿಕೊಂಡೆ. ಮೇಷ್ಟ್ರು ಬಯ್ಯಲಿಲ್ಲ. ಬೆಂಚಿನ ಮೇಲೆ ಕುಳಿತು ಕನ್ನಡಕ ತೆಗೆದರು.

"ನೀನು ಫೇಲಾದ ವಾರ ನಿಮ್ಮಪ್ಪನ ಹೋಟ್ಲಿಗೆ ಬಂದಿದ್ದೆ ಕಣಮ್ಮಿ. ಅಕ್ಟೋಬರ್ ಪರೀಕ್ಷೆಗೆ ಕಟ್ಟುಸಪ್ಪ, ಹುಡುಗೀನ ಓದ್ಸಪ್ಪ ಅಂತ ಹೇಳಾಕೇ ಬಂದಿದ್ದೆ. ನಿಮ್ಮಪ್ಪ 'ಬನ್ನಿ ಮೇಷ್ಟ್ರೇ' ಅಂತ ಬಿಸಿ ದೋಸೆ ತಂದಿಟ್ರು. ಒಳಗೆ ನೀನು ರುಬ್ತಿದ್ದೆ, ಸದ್ದು ಕೇಳ್ತಿತ್ತು. ಅವ್ರ ಮನೆ ವಿಚಾರ, ನಾನ್ಯಾಕೆ ಬಾಯಾಕ್ಲಿ ಅಂದ್ಕೊಂಡು, ತಿಂದು ಕೈ ತೊಳ್ದು ಎದ್ದೋದೆ. ಒಂದು ಮಾತು ಆಡಬೇಕಾಗಿತ್ತು. ಆಡ್ನಿಲ್ಲ."

ನಾನು ಪುಸ್ತಕ ಎತ್ತಿ ಹಿಟ್ಟು ಕೊಡವಿದೆ. ಯಜಮಾನರು ಒಲೆಯ ಮುಂದೆ ನಿಂತು ಸೌಟು ಕೈಗೆತ್ತಿಕೊಂಡರು. ಆ ತಿಂಗಳು ಪೂರ್ತಿ ಮೂರರಿಂದ ಐದರವರೆಗೆ ದೋಸೆ ಅವರೇ ಹಾಕಿದರು. ಒಂದೂ ದುಂಡಗಿರಲಿಲ್ಲ.

ಪರೀಕ್ಷೆ ಮಂಡ್ಯದಲ್ಲಿ. ಗೇಟಿನ ಬಳಿ ಕಾವಲಿನವನು ನನ್ನನ್ನು ತಡೆದು, "ಮಕ್ಕಳನ್ನ ಕಳ್ಸಿ, ಪೇರೆಂಟ್ಸೆಲ್ಲಾ ಆಚೆ ನಿಂತ್ಕೊಳಿ" ಎಂದ. ಹಿಂದಿನಿಂದ ಮೇಷ್ಟ್ರು ಗುಡುಗಿದರು: "ಬರೆಯೋಳು ಅವಳೇ ಕಣಯ್ಯ. ಪೇರೆಂಟು ನಾನು!"

ನಲವತ್ಮೂರು ಬಂತು ಸ್ವಾಮೀ, ಗಣಿತದಲ್ಲಿ ನಲವತ್ಮೂರು! ಉಳಿದವೆಲ್ಲ ಅದಕ್ಕಿಂತ ಎಷ್ಟೋ ಮೇಲು. ಅಂದು ಹೋಟೆಲಿಗೆ ಬೀಗ ಹಾಕಿ ನಾವಿಬ್ಬರೂ ಮಳವಳ್ಳಿಗೆ ಹೋದೆವು. ಈ ಮನುಷ್ಯನಿಗೆ ಪಾಸಾದವರನ್ನು ಕಂಡರೆ ಆಗದಲ್ಲ, ನನ್ನನ್ನೂ ಎಬ್ಬಿಸಿ ಪೇಪರು ಓದಲು ಕೂರುತ್ತಾರೇನೋ ಎಂಬ ಅಳುಕಿತ್ತು.

ಕಾಲಿಗೆ ಬಿದ್ದೆ. ಮಾರ್ಕ್ಸ್ ಕಾರ್ಡನ್ನು ಎರಡು ಸಲ ಓದಿದರು. ಎದ್ದು ನಿಂತು, ಶರ್ಟಿನ ಗುಂಡಿ ಸರಿಮಾಡಿಕೊಂಡು, ನಮ್ಮ ಯಜಮಾನರ ಕಡೆ ತಿರುಗಿ ಕೈಮುಗಿದರು.

"ಹುಡುಗಿ ಬುದ್ಧಿವಂತೆ ಕಣಪ್ಪ. ದಯಮಾಡಿ ಮುಂದಕ್ಕೆ ಓದ್ಸಪ್ಪ."

"ಓದುಸ್ತೀನಿ ಸಾ" ಎಂದರು ನಮ್ಮ ಯಜಮಾನರು. ಅಳಬಾರದು ಎಂದುಕೊಂಡಿದ್ದೆ. ಆಗಲಿಲ್ಲ, ಅವರ ನಡುಮನೆಯಲ್ಲಿ ಕುಳಿತು ಹದಿನಾರರ ಹುಡುಗಿಯಂತೆ ಅತ್ತುಬಿಟ್ಟೆ.