ದತ್ತು ಹೋದ ನಮ್ಮ ಹಸಿರು ಬಿಂದಿಗೆಯ ವಿಚಾರವಾಗಿ ಗ್ಯಾಲರಿಯ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರು,
ಬಂಗಾರದ ನೆಲ ಸಾರ್ವಜನಿಕ ಕಲಾ ಗ್ಯಾಲರಿ,
ಉರಿಗಾಂ, ಕೆ.ಜಿ.ಎಫ್.

ಮಾನ್ಯರೇ,

ತಮಗೂ, ತಮ್ಮ ಕಲಾವಿದರಿಗೂ, ತಮ್ಮ ಗ್ಯಾಲರಿಯ ಬಿಳಿ ಗೋಡೆಗಳಿಗೂ, ಆ ಗೋಡೆಗಳಿಗೆ ಸೆಕೆಯಾಗದಂತೆ ಹಗಲಿಡೀ ದುಡಿಯುವ ಯಂತ್ರಕ್ಕೂ ನಮ್ಮ ಬೀದಿಯ ಪರವಾಗಿ ನಮಸ್ಕಾರಗಳು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ಐದನೇ ಕ್ಲಾಸಿನ ನಂತರ ಸಹಿ ಬಿಟ್ಟು ಬೇರೇನೂ ಬರೆದವಳಲ್ಲ, ಕ್ಷಮಿಸಬೇಕು. ತಮ್ಮಲ್ಲಿ ಓರೆಯಾಗಿ ತೂಗುಹಾಕಿರುವ ಚಿತ್ರವನ್ನು ನೋಡಿ ಅದು ಬೇಕೆಂದೇ ಹಾಗಿರುವುದು ಎಂದು ತಾವು ಬಂದವರಿಗೆಲ್ಲ ವಿವರಿಸುತ್ತೀರಲ್ಲ, ನನ್ನ ತಪ್ಪುಗಳನ್ನೂ ಅದೇ ದೊಡ್ಡ ಮನಸ್ಸಿನಿಂದ ನೋಡಬೇಕು. ಬಾಯಲ್ಲೇ ಹೇಳಿಬಿಡೋಣವೆಂದು ತಮ್ಮ ಕಚೇರಿಯ ಗಾಜಿನ ಬಾಗಿಲಿನ ತನಕ ಬಂದಿದ್ದೆ. ತಾವು ಒಳಗಿನಿಂದ ನನ್ನನ್ನು ನೋಡಿ ಮುಗುಳ್ನಕ್ಕಿರಿ. ನಾನು ಬಹಳ ನಾಚಿಕೆಯವಳು, ಆ ನಗುವಿಗೆ ಏನು ಮಾಡಬೇಕೆಂದು ತಿಳಿಯದೆ ಹಿಂದಿರುಗಿದೆ. ಹಾಗಾಗಿ ಈ ಪತ್ರ.

ನಾನು ಸುಮಿತಾ. ತಮ್ಮ ಗ್ಯಾಲರಿಯ ಹಿಂದಿರುವ ಹಳೆಯ ಗಣಿ ಲೈನಿನ ಸಾಲುಮನೆಯೊಂದರಲ್ಲಿ ನಾನೂ ನಮ್ಮಮ್ಮ ಮಾರಿಯಮ್ಮನೂ ಇದ್ದೇವೆ. ಅಮ್ಮನಿಗೆ ಮಂಡಿ ನೋವು, ನಡೆಯಲಾಗದು. ನಾನು ಬಂಗಾರಪೇಟೆಯ ಪಾನಿಪುರಿ ಅಂಗಡಿಯೊಂದರಲ್ಲಿ ಪುರಿ ಲಟ್ಟಿಸಿ ಕರಿಯುತ್ತೇನೆ. ನಮ್ಮ ಬೀದಿಗೆ ನೀರು ಬರುವುದು ಟ್ಯಾಂಕರಿನಲ್ಲಿ. ಅದು ಯಾವ ಹೊತ್ತಿಗೆ ಬರುತ್ತದೆ ಎಂಬುದು ಅದರ ಡ್ರೈವರಿಗೂ ತಿಳಿದಿಲ್ಲವಾದ್ದರಿಂದ, ನಾವು ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಬಿಂದಿಗೆಗಳನ್ನು ನಿಲ್ಲಿಸುತ್ತೇವೆ. ಬಿಂದಿಗೆ ನಿಂತರೆ ಅದರ ಮನೆಯವರೇ ನಿಂತ ಹಾಗೆ. ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಒಳಗೆ ಬೀಳದಿರಲೆಂದು ಬೋರಲು ಇಡುತ್ತೇವೆ, ಟ್ಯಾಂಕರಿನ ಸದ್ದು ಕೇಳಿದ ಕೂಡಲೇ ಯಾರಾದರೊಬ್ಬರು ಓಡಿಬಂದು ಸಾಲಿನ ಉದ್ದಕ್ಕೂ ಬಿಂದಿಗೆಗಳನ್ನು ಬಾಯಿ ಮೇಲಾಗಿ ತಿರುಗಿಸುತ್ತಾರೆ. ನಮ್ಮ ಹಸಿರು ಬಿಂದಿಗೆಯ ಜಾಗ ನಾಲ್ಕನೆಯದು. ಅಮ್ಮ ಗಟ್ಟಿಯಾಗಿದ್ದ ಕಾಲದಲ್ಲಿ ಜಗಳವಾಡಿ ಗೆದ್ದ ಜಾಗ ಅದು. ನಮ್ಮ ಮನೆಯ ಸ್ಥಿರಾಸ್ತಿ ಎಂದರೆ ಅದೊಂದೇ. ನನಗೆ ಜಗಳ ಬಾರದು. ಬೀದಿಯಲ್ಲಿ ನನ್ನ ಪರವಾಗಿ ಇದುವರೆಗೆ ಮಾತಾಡಿದ್ದರೆ ಅದು ಆ ಬಿಂದಿಗೆಯೇ.

ಇಂತಿರಲು, ತಮ್ಮ ಗ್ಯಾಲರಿಯವರು 'ಸಮುದಾಯದೊಂದಿಗೆ ಕಲೆ' ಎಂಬ ಕಾರ್ಯಕ್ರಮದ ಸಲುವಾಗಿ ನಮ್ಮ ಬೀದಿಗೆ ದಯಮಾಡಿಸಿದರು. ಜೊತೆಯಲ್ಲಿ ಬಂದ ಕಲಾವಿದರು ನಮ್ಮ ಬಿಂದಿಗೆಯ ಸಾಲನ್ನು ಕಂಡು ಮಣ್ಣಿನಲ್ಲೇ ಮಂಡಿಯೂರಿ ಕುಳಿತುಬಿಟ್ಟರು. ಸಾಲಿನ ಯಜಮಾನಿಕೆ ನೋಡಿಕೊಳ್ಳುವ ಅಮ್ಮಾಜಮ್ಮನವರು ಅವರಿಗೆ ತಲೆ ಸುತ್ತಿತೆಂದು ತಿಳಿದು, "ಲೇ ಸೆಲ್ವಿ, ಆ ಸಾಮಿಗೆ ಒಂದ್ ಲೋಟ ನೀರ್ ಕೊಡೇ, ಬಿಸ್ಲು ಒಡ್ದದೆ" ಎಂದರು. ಕಲಾವಿದರು ನಮ್ಮ ನೀರು ಕುಡಿದು, ಕಣ್ಣೊರೆಸಿಕೊಂಡು, ಇಂಥದನ್ನು ತಾವು ಹೊರದೇಶದಲ್ಲೂ ಕಂಡಿಲ್ಲವೆಂದು ಹೇಳಿದಾಗ ನಮಗೆಲ್ಲ ಹೆಮ್ಮೆಯೇ ಆಯಿತು. ಪ್ರದರ್ಶನಕ್ಕೆ ಬಿಂದಿಗೆಗಳನ್ನು ಕೊಡಿ, ಉದ್ಘಾಟನೆಯ ಮಾರನೆಯ ದಿನವೇ ಹಿಂದಿರುಗಿಸುತ್ತೇವೆಂದು ತಾವು ಮಾತು ಕೊಟ್ಟಿರಿ. ಸಾಲಿನಲ್ಲಿ ಮುಂದಿದ್ದ ಹತ್ತು ಮನೆಯವರು ಬಿಂದಿಗೆ ಕೊಟ್ಟೆವು. ಬದಲಿಗೆ ತಾವು ಒಂದೊಂದು ಹೊಸ ಬಿಂದಿಗೆಯನ್ನೂ ಕೊಟ್ಟಿರಿ, ಅದನ್ನು ಮರೆಮಾಚಿದರೆ ನಾನು ಕೃತಘ್ನಳಾಗುತ್ತೇನೆ.

ಆದರೆ ನಮ್ಮ ಬೀದಿಯ ಕಾನೂನನ್ನು ತಮಗೆ ಯಾರೂ ತಿಳಿಸಿರಲಿಲ್ಲ. ಮುಂದಿನ ಟ್ಯಾಂಕರಿನ ದಿನ ನಾನು ಆ ಹೊಸ ನೀಲಿ ಬಿಂದಿಗೆಯನ್ನು ನಾಲ್ಕನೇ ಜಾಗದಲ್ಲಿ ಇಡಲು ಹೋದರೆ, ಅಮ್ಮಾಜಮ್ಮನವರು ಅದನ್ನು ಕಾಲಿನಿಂದಲೇ ತಡೆದರು. "ಒಸ ಬಿಂದ್ಗೆ ಅಂದ್ರೆ ಒಸ ಮನ್ಸ ಬಂದಂಗೆ ಕಣಮ್ಮಿ. ಕೊನೇಗೋಗಿ ಇಕ್ಕು" ಎಂದರು. ನಾನು ಮಾರಿಯಮ್ಮನ ಮಗಳೇ ಅಲ್ಲವೇ ಎಂದು ಹೇಗೋ ಕೇಳಿದೆ. "ನೀನ್ಯಾರು ಅಂತ ನಂಗೊತ್ತು. ಈ ನೀಲಿ ಬಿಂದ್ಗೆ ಯಾರೂಂತ ಗೊತ್ತಿಲ್ಲ" ಎಂದರು. ಸ್ವಂತ ಬಿಂದಿಗೆಯನ್ನೂ ಕೊಟ್ಟಿದ್ದ ಅವರೇ ಕೊನೆಗೆ ಹೋಗಿ ನಿಂತಿದ್ದರಿಂದ ಅವರನ್ನು ದೂರುವಂತೆಯೂ ಇಲ್ಲ. ಕಲೆಯ ಬಗ್ಗೆ ಆಸಕ್ತಿ ಇಲ್ಲದೆ ಬಿಂದಿಗೆ ಕೊಡದೆ ಉಳಿದಿದ್ದ ಮನೆಗಳವರು ಮುಂದೆ ಬಂದರು. ಟ್ಯಾಂಕರ್ ನಮ್ಮ ತನಕ ಬರುವಷ್ಟರಲ್ಲಿ ಬತ್ತಿಹೋಯಿತು, ಅಂದಿನಿಂದ ಪ್ರತಿ ಸಲವೂ ಹಾಗೆಯೇ ಬತ್ತುತ್ತಿದೆ. ನಾನು ಈಗ ದಿಬ್ಬದಾಚೆಯ ತೋಟದ ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದು, ರೈಲು ತಪ್ಪಿಸಿಕೊಂಡು, ತಡವಾಗಿ ಕೆಲಸಕ್ಕೆ ಹೋಗುತ್ತೇನೆ. ಮಾಲೀಕರಾದ ಮುನಿರಾಜಣ್ಣನವರು, "ಇನ್ನೊಂದ್ ಕಿತ ಲೇಟಾದ್ರೆ ನೀನ್ ಬರೋದೇ ಬ್ಯಾಡ, ಆ ಗ್ಯಾಲರೀಗೇ ಓಗಿ ಪುರಿ ಕರಿ" ಎಂದು ಎಚ್ಚರಿಸಿದ್ದಾರೆ. ಆದ್ದರಿಂದ ಮಾನ್ಯರೇ, ನನ್ನ ಕೆಲಸ ಉಳಿಯಬೇಕಾದರೆ ಆ ಹಸಿರು ಬಿಂದಿಗೆಯೇ ಬರಬೇಕು, ಅದರಂತಹ ಇನ್ನೊಂದು ಬಂದರೆ ಆಗದು.

ಇನ್ನು ಉದ್ಘಾಟನೆಯ ವೈಭವವನ್ನು ಹೊಗಳದೆ ಮುಂದೆ ಹೋಗಲಾರೆ. ತಾವು ನಮ್ಮ ಬಿಂದಿಗೆಗಳನ್ನು ಬಿಳಿ ಪೀಠಗಳ ಮೇಲೆ ಬಾಯಿ ಮೇಲಾಗಿ ಇರಿಸಿ, ಒಳಗೆ ಒಂದೊಂದು ದೀಪ ಉರಿಸಿದ್ದಿರಿ. ನಮ್ಮ ಬಿಂದಿಗೆಗೆ ಅಂಥ ಮುಖಕಳೆ ಇದೆಯೆಂದು ನನಗೆ ತಿಳಿದಿರಲಿಲ್ಲ. ಬೆಂಗಳೂರಿನ ಗಣ್ಯರು ಅದರ ಮುಂದೆ ಕೈಕಟ್ಟಿ ನಿಂತು, ಒಳಗೆ ಇಣುಕಿ, ತಲೆದೂಗಿದರು. ಆದರೆ ಕಾಫಿ, ಮಿಕ್ಸ್‌ಚರ್ ಕೊಡುತ್ತಾರೆಂದು ಬಂದಿದ್ದ ಆಂಡರ್ಸನ್‌ಪೇಟೆಯ ಹೆಂಗಸರಿಗೆ ಕಂಡದ್ದು ಬೇರೆ. ಸಾಲಾಗಿ ನಿಂತ ಬಿಂದಿಗೆಗಳು, ಎಲ್ಲವೂ ಬಾಯಿ ಮೇಲಾಗಿ! ಅಂದರೆ ಟ್ಯಾಂಕರ್ ಆಗಲೇ ಬೀದಿಯ ತಿರುವಿಗೆ ಬಂದಿದೆ. "ಅಯ್ಯೋ, ಇಲ್ಲೂ ನೀರ್ ಬಿಡ್ತಾರಂತೆ, ಮನೇಗೋಗಿ ಬಿಂದ್ಗೆ ತತ್ತೀನಿ, ನನ್ ಜಾಗ ನೋಡ್ಕೊಳ್ಳೇ ಕಲ್ಪನಾ!" ಎಂದು ಒಬ್ಬಾಕೆ ಓಡಿದ್ದೇ ತಡ, ಅರ್ಧ ಪೇಟೆಯೇ ಓಡಿತು. ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಸಾಲು ಹಜಾರ ದಾಟಿ, ಮೆಟ್ಟಿಲಿಳಿದು, ಗೇಟಿನಾಚೆ ನಿಂತಿದ್ದ ಅತಿಥಿಗಳ ಕಾರಿನ ತನಕ ಬೆಳೆದಿತ್ತು.

ತಾವು ಅದನ್ನು ಕಂಡು ಭಾವುಕರಾಗಿ, ಜನ ತಾವಾಗಿಯೇ ಕಲಾಕೃತಿಯನ್ನು ಮುಂದುವರಿಸುತ್ತಿದ್ದಾರೆ ಎಂದು ಮೈಕಿನಲ್ಲಿ ಹೇಳಿದಿರಿ. ಚಪ್ಪಾಳೆ ಬಿತ್ತು. ಒಬ್ಬ ಮುದುಕಿ ಕಲಾವಿದರ ಅಂಗಿಯನ್ನು ಹಿಡಿದೆಳೆದು, "ನೀರ್ ಯಾವಾಗ್ ಬತ್ತದೆ ಸಾಮಿ?" ಎಂದು ಕೇಳಿದಾಗ, ಅವರು ಆಕೆಯ ಎರಡೂ ಕೈ ಹಿಡಿದುಕೊಂಡು, "ಅದೇ ಪ್ರಶ್ನೆ ತಾಯಿ! ಅದೇ ಪ್ರಶ್ನೆ!" ಎಂದರು. ಆಕೆ ಉತ್ತರಕ್ಕಾಗಿ ಸಂಜೆಯವರೆಗೂ ಕಾದಳು. ಈ ಅಪಾರ ಜನಸ್ಪಂದನವನ್ನು ಗೌರವಿಸಿ ಪ್ರದರ್ಶನವನ್ನು ಮುಂದುವರಿಸಿರುವುದಾಗಿಯೂ, ನಂತರ ಅದು ದೆಹಲಿಗೆ ತೆರಳುವುದಾಗಿಯೂ ಗೇಟಿನ ಮೇಲೆ ತಾವು ಬ್ಯಾನರ್ ಕಟ್ಟಿಸಿದ್ದೀರಿ. ನಮ್ಮ ಬೀದಿಯಿಂದ ದೆಹಲಿ ನೋಡುವ ಮೊದಲ ಜೀವ ನಮ್ಮ ಬಿಂದಿಗೆ.

ಪ್ರಾದೇಶಿಕ ಕಲೆಯನ್ನು ಉಳಿಸುವ ನಿಧಿಗಾಗಿ ತಾವು ಹೂಡಿರುವ 'ಬಿಂದಿಗೆ ದತ್ತು' ಯೋಜನೆಯ ವಿಷಯವೂ ನನಗೆ ತಡವಾಗಿ ತಿಳಿಯಿತು. ಬಿಂದಿಗೆಯನ್ನು ವಾಪಸ್ ಕೇಳೋಣವೆಂದು ಹೋದಾಗ, ತಮ್ಮ ಕಾವಲುಗಾರರೂ ನಮ್ಮ ಬೀದಿಯವರೇ ಆದ ಕುಪ್ಪುಸ್ವಾಮಿ ಮಾಮ, "ಬೇಡ ಕಣ್ಣಮ್ಮ, ಮುಟ್ಬೇಡ. ಅದು ದತ್ತು ಓಗ್ಬಿಡ್ತು" ಎಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ನೋಡಿದರೆ ಅದರ ಕೊರಳಿಗೆ ಚೀಟಿಯೊಂದು ನೇತಾಡುತ್ತಿದೆ; ಅದರಲ್ಲಿ ನಿಧಿಗೆ ಹಣ ಕೊಟ್ಟ ಬೆಂಗಳೂರಿನ ಪೋಷಕರೊಬ್ಬರ ಹೆಸರಿದೆ. ದಾನಿಗಳ ಔದಾರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಬಿಂದಿಗೆ ಯಾರದೋ, ಸಾಲಿನಲ್ಲಿ ನಿಂತವರು ಅವರೇ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆದ್ದರಿಂದ ಆ ಮಹನೀಯರು ಇನ್ನು ಮುಂದೆ ಪ್ರತಿ ಟ್ಯಾಂಕರಿಗೂ ದಯಮಾಡಿ ಬಂದು ನಾಲ್ಕನೇ ಜಾಗದಲ್ಲಿ ನೀರು ಹಿಡಿದು, ನಮ್ಮಮ್ಮನಿಗೆ ತಲುಪಿಸಬೇಕೆಂದು ಕೋರುತ್ತೇನೆ. ಐದನೇ ಬಿಂದಿಗೆಯವರು ಮೊಣಕೈಯಲ್ಲಿ ತಿವಿಯುತ್ತಾರೆ, ಬೇಸರ ಪಡಬಾರದು. ಅಮ್ಮಾಜಮ್ಮನವರು ತೆಲುಗಿನಲ್ಲಿ ಬೈದರೆ ಅದು ಪ್ರೀತಿ, ತಮಿಳಿನಲ್ಲಿ ಬೈದರೆ ಮಾತ್ರ ಜಾಗ ಬಿಟ್ಟುಕೊಡಬೇಕು.

ಅವರಿಗೆ ಬಿಡುವಿಲ್ಲವಾದರೆ ಇನ್ನೊಂದು ದಾರಿಯಿದೆ. ನಮ್ಮ ಇಡೀ ಲೈನನ್ನೇ ತಾವು ಗ್ಯಾಲರಿಯೊಳಕ್ಕೆ ತೆಗೆದುಕೊಳ್ಳಬಹುದು. ಗೋಡೆಗಳಿಗೆ ಸಿಗುವ ತಂಪು ನಮಗೂ ಸಿಕ್ಕೀತು. ಅದೂ ಆಗದಿದ್ದರೆ, ಇಷ್ಟು ವರ್ಷ ಸಂಬಳವಿಲ್ಲದೆ ಇದೇ ಪ್ರದರ್ಶನವನ್ನು ಬೀದಿಯಲ್ಲಿ ಜೋಡಿಸುತ್ತ ಬಂದಿರುವ ಅಮ್ಮಾಜಮ್ಮನವರನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳಬೇಕು.

ಪತ್ರವನ್ನು ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ. ಇವತ್ತು ಟ್ಯಾಂಕರಿನ ದಿನ. ಬೆಳಿಗ್ಗೆ ಗ್ಯಾಲರಿಗೆ ಹೋದೆ. ಕುಪ್ಪುಸ್ವಾಮಿ ಮಾಮ ನನ್ನನ್ನು ನೋಡಿ, ಎದುರಿನ ಗೋಡೆಯ ಚಿತ್ರವನ್ನು ತದೇಕಚಿತ್ತದಿಂದ ನೋಡತೊಡಗಿದರು. ಬಿಂದಿಗೆಯನ್ನು ಎತ್ತಲು ಹೋದರೆ ಅದು ಮೇಲೇಳಲಿಲ್ಲ. ಬೀಳದಿರಲೆಂದು ತಾವು ಅದರ ತಳಕ್ಕೆ ತೂತು ಕೊರೆದು ಪೀಠಕ್ಕೆ ಬೋಲ್ಟು ಹಾಕಿಸಿದ್ದಿರಿ. ಮಾನ್ಯರೇ, ನೀರಿನ ಬಿಂದಿಗೆಯ ತಳಕ್ಕೆ. ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ಬಿಚ್ಚಿ, ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ತಂದೆ. ಅಮ್ಮ ತೂತಿಗೆ ಬೆರಳು ತೂರಿಸಿ ನೋಡಿದಳು. ಬಟ್ಟೆ ಸೋಪಿನ ಚೂರನ್ನು ನೆನೆಸಿ, ಮೆತ್ತಗೆ ಮಾಡಿ, ತೂತಿಗೆ ಒಳಗಿನಿಂದಲೂ ಹೊರಗಿನಿಂದಲೂ ಒತ್ತಿ ತುಂಬಿ, ಸಾಲಿಗೆ ಒಯ್ದೆ. ಅಮ್ಮಾಜಮ್ಮನವರು ನನ್ನ ಕಡೆ ನೋಡಲಿಲ್ಲ. ಬಿಂದಿಗೆಯನ್ನು ನೋಡಿ, "ಎಲ್ಲಿಗೋಗಿದ್ಯೇ ಮಾರಿಯಮ್ಮ, ಇಷ್ಟ್ ದಿನ?" ಎಂದು ಕೇಳಿ, ಮೂರನೆಯದರ ಪಕ್ಕದ ಬಿಂದಿಗೆಯನ್ನು ಕಾಲಿನಿಂದ ಅತ್ತ ಸರಿಸಿದರು. ನಮ್ಮದನ್ನು ಅಲ್ಲಿ ಬೋರಲು ಇಟ್ಟು ಬಂದೆ.

ಇಂತಿ, ಸೋಪು ಹಿಡಿದಿರುವಷ್ಟು ಹೊತ್ತು
ತಮ್ಮ ವಿಶ್ವಾಸಿ,
ಸುಮಿತಾ

ತಾ.ಕ.: ಪೋಷಕರ ಹೆಸರಿನ ಚೀಟಿಯನ್ನು ಬಿಂದಿಗೆಯ ಕೊರಳಿನಿಂದ ಬಿಚ್ಚಿ ಖಾಲಿ ಪೀಠಕ್ಕೆ ಕಟ್ಟಿದ್ದೇನೆ, ಅವರಿಗೆ ನಷ್ಟವಾಗಬಾರದು. ಬೋಲ್ಟೂ ಅಲ್ಲೇ ಇದೆ, ಬಿಂದಿಗೆಯೊಳಗಿದ್ದ ದೀಪವೂ ಅಲ್ಲೇ ಉರಿಯುತ್ತಿದೆ. ನಾನು ಹೊರಡುವಾಗ ಬೆಂಗಳೂರಿನ ಕಡೆಯ ಇಬ್ಬರು ಆ ಪೀಠದ ಮುಂದೆ ಕೈಕಟ್ಟಿ ನಿಂತು ತಲೆದೂಗುತ್ತಿದ್ದರು.